ಹಂಚಿನ ಸಂದಿಯ ಕಣ್ಕಪ್ಪಡಿ

ಪ್ರಶ್ನೆ: ನಮ್ಮದು ಹಳೇ ಹಂಚಿನ ಮನೆ. ಮುಸ್ಸಂಜೆಗೆ ಮಾಡು-ಗೋಡೆ ಕೂಡುವ ಸಂದಿಯಿಂದ ಹೆಬ್ಬೆರಳುದ್ದದ ಕಣ್ಕಪ್ಪಡಿಗಳು ಒಂದೊಂದಾಗಿ ಹೊರಬೀಳುತ್ತವೆ. ಜಗಲಿ ತುಂಬ ಹಿಕ್ಕೆ. ಸಿಮೆಂಟ್ ಮೆತ್ತಲೇ? ಅಡಿಕೆ ಚೀಪುವುದೂ ಇವೇನಾ?
– ಓದುಗರು, ಶಿರಸಿ

ಉತ್ತರ: ಸಿಮೆಂಟ್ ಬೇಡವೇ ಬೇಡ. ಹಗಲು ಮೆತ್ತಿದರೆ ಒಳಗಿದ್ದವು ಸತ್ತು ನಾರುತ್ತವೆ. ರಾತ್ರಿ ಮೆತ್ತಿದರೆ ಹಾರಲು ಬಾರದ ಮರಿಗಳು ಹಾಲಿಲ್ಲದೆ ಸಾಯುತ್ತವೆ.

ಅಡಿಕೆ ಚೀಪುವುದು ಹಣ್ಣು ತಿನ್ನುವ ಬಾವಲಿ. ನಿಮ್ಮ ಮನೆಯಲ್ಲಿರುವುದು ಬಹುತೇಕ ಪಿಪಿಸ್ಟ್ರೆಲ್ ಎಂಬ, ಹುಳ ತಿನ್ನುವ ಸಣ್ಣ ಬಾವಲಿಗಳ ಗುಂಪಿನದು. ಆ ಗುಂಪಿನ ಪುಟ್ಟ ಜಾತಿ ತೂಗುವುದೇ 2ರಿಂದ 4 ಗ್ರಾಂ. ತಿನ್ನುವುದು ನೊಣ, ಸೊಳ್ಳೆ, ಪತಂಗ, ಸಣ್ಣ ಜೀರುಂಡೆ. ಹಿಕ್ಕೆಯನ್ನು ಕಡ್ಡಿಯಿಂದ ಒತ್ತಿ ನೋಡಿ. ಪುಡಿಯಾಗಿ ಹುಳದ ರೆಕ್ಕೆಚೂರು ಮಿನುಗಿದರೆ ಇದರದ್ದೇ, ಗಟ್ಟಿಯಿದ್ದರೆ ಇಲಿಯದು.

ಹಿಕ್ಕೆಯೊಂದೇ ತೊಂದರೆಯಾದರೆ ಸಂದಿಯಿಂದ ಒಂದೂವರೆ ಮೊಳ ಕೆಳಗೆ ಗೇಣಗಲದ ಹಲಗೆ ಹೊಡೆಯಿರಿ. ಅವು ಕೆಳಕ್ಕೆ ಬಿದ್ದೇ ಹಾರುವುದರಿಂದ ಹಲಗೆ ತೀರ ಹತ್ತಿರವಿರಬಾರದು. ವಾರಕ್ಕೊಮ್ಮೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ ಬಳಿದು ಗೊಬ್ಬರಗುಂಡಿಗೆ ಹಾಕಿ. ಒಣಗಿದ್ದನ್ನು ಗುಡಿಸಿದರೆ ಧೂಳು ಎದೆಗೆ ಹೋಗುತ್ತದೆ. ನಮ್ಮ ಸಲಹೆ ಇಷ್ಟೇ.

ಕಳಿಸಲೇಬೇಕೆಂದರೆ ಮಳೆಗಾಲ ಕಳೆಯಲಿ. ಜಡಿಮಳೆಯಲ್ಲಿ ಅವು ಹೊರಗೇ ಬರದಿರಬಹುದು. ಇವಕ್ಕೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮರಿಯಾಗುವುದುಂಟು. ಹಾಗಾಗಿ ದೊಡ್ಡವು ಹೋದಮೇಲೆ ಸಂದಿಗೆ ಕಿವಿಗೊಡಿ. ಚಿಂವ್‌ಗುಟ್ಟಿದರೆ ಮರಿಗಳಿವೆ, ಒಂದು ತಿಂಗಳು ತಡೆಯಿರಿ. ಸದ್ದಿಲ್ಲದಿದ್ದರೆ 4 ಮಿ.ಮೀ.ಗಿಂತ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆಯನ್ನು ಸಂದಿಯ ಮೇಲೂ ಎರಡು ಬದಿಗೂ ಬಿಗಿದು, ಕೆಳಗೆ 60 ಸೆಂ.ಮೀ. ಸಡಿಲ ಇಳಿಬಿಡಿ. ಹೊರಟದ್ದು ಬಲೆಯಡಿ ತೆವಳಿ ಹೋಗುತ್ತದೆ, ಮರಳಿದ್ದಕ್ಕೆ ದಾರಿ ಸಿಗದು. ಕೆಳತುದಿ ಕಟ್ಟಿದರೆ ಅದೇ ಬೋನಾಗುತ್ತದೆ. ಬಲೆಯ ಸುತ್ತ ಬಿಡದೆ ಸುತ್ತುತ್ತಿದ್ದರೆ ಒಳಗೆ ಮರಿ ಉಳಿದಿರಬಹುದು, ಆಗಲೇ ಬಿಚ್ಚಿ. ಏಳು ರಾತ್ರಿ ಕಳೆದು, ಯಾವುದೂ ಹೊರಬರದ್ದು ಖಾತ್ರಿಯಾದ ಮೇಲೆ ಮುಚ್ಚಿ. ಒಂದೂವರೆ ಸೆಂ.ಮೀ. ಸಂದಿ ಬಿಟ್ಟರೂ ಮತ್ತೆ ನುಗ್ಗುತ್ತವೆ. ನುಸಿಗುಳಿಗೆ ದಂಡ, ಗಾಳಿಯಾಡುವ ಹಂಚಿನಡಿ ಅದರ ವಾಸನೆ ನಿಲ್ಲುವುದಿಲ್ಲ.

ಪ್ರಶ್ನೆ: ರಾತ್ರಿ ಕೋಣೆಯೊಳಗೆ ಕಣ್ಕಪ್ಪಡಿ ಬಂದರೆ?
– ಓದುಗರು, ಕಾರವಾರ

ಉತ್ತರ: ಮೊದಲು ಫ್ಯಾನ್ ನಿಲ್ಲಿಸಿ. ಕಿಟಕಿ ತೆರೆದು, ದೀಪ ಆರಿಸಿ, ಬಾಗಿಲೆಳೆದು ಹೊರಗಿರಿ; ತಾನೇ ಹೋಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ, ಗಾಯ ಕಾಣದಿದ್ದರೂ, 15 ನಿಮಿಷ ಸೋಪು-ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ, ಬಾವಲಿ ಕಚ್ಚಿದ್ದೆಂದು ಹೇಳಿ. ನೆಲಕ್ಕೆ ಬಿದ್ದಿದ್ದರೆ ಡಬ್ಬಿ ಕವುಚಿ, ಅಡಿಗೆ ರಟ್ಟು ತೂರಿಸಿ ಎತ್ತಿ, ಕತ್ತಲಾದ ಮೇಲೆ ತಲೆಯೆತ್ತರದಲ್ಲಿ ಒರಟು ತೊಗಟೆಯ ಮರಕ್ಕೆ ಡಬ್ಬಿಯ ಬಾಯಿ ತಾಗಿಸಿ. ಉಗುರೂರಿ ಹತ್ತಿಕೊಳ್ಳುತ್ತದೆ.