ಯುದ್ಧಕ್ಕೆ ಹೋದ ಸೈನಿಕರು ಹೆಂಡತಿಗೆ ಬರೆಯೋ ಕಾಗದದಲ್ಲಿ ತಾವು ಎಲ್ಲಿದ್ದೀವಿ ಅಂತ ಯಾಕೆ ಬರೀತಿರಲಿಲ್ಲ?

ಬರೆಯೋ ಹಾಗೇ ಇರಲಿಲ್ಲ. ಕಾಗದ ಶತ್ರು ಕೈಗೆ ಸಿಕ್ಕಿದ್ರೆ ಯಾವ ತುಕಡಿ ಎಲ್ಲಿದೆ ಅಂತ ಗೊತ್ತಾಗ್ಬಿಡುತ್ತೆ, ಅದಕ್ಕೇ ಊರಿನ ಹೆಸರು ಹಾಕಂಗಿಲ್ಲ, ಯುದ್ಧದ ಟೈಮಲ್ಲಿ ಸೆನ್ಸಾರ್ ಕೂಡ ಇರ್ತಿತ್ತು. ವಿಳಾಸದಲ್ಲಿ ನಂಬರ್, ಹೆಸರು, ಯೂನಿಟ್, ಕೊನೆಗೆ 56 ಎಪಿಒ (ಅಂದ್ರೆ ಆರ್ಮಿ ಪೋಸ್ಟ್ ಆಫೀಸ್, ಸೇನೆಯ ಅಂಚೆ ಕಚೇರಿ) ಅಥವಾ 99 ಎಪಿಒ, ಅಷ್ಟೇ. 56 ಅಂದ್ರೆ ದೆಹಲಿ ಮೂಲಕ ಹೋಗೋ ಟಪಾಲು, 99 ಅಂದ್ರೆ ಕೋಲ್ಕತ್ತಾ ಮೂಲಕ ಪೂರ್ವದ ಕಡೆಗೆ.

ನಮ್ಮದು ವಿರಾಜಪೇಟೆ ಕಡೆ. ಅಜ್ಜ 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ರು, ಅವರ ಕಾಗದಗಳನ್ನ ಅಜ್ಜಿ ಇವತ್ತಿಗೂ ಟ್ರಂಕಲ್ಲಿ ಸೀರೆ ಮಡಿಕೆ ಒಳಗೆ ಇಟ್ಕೊಂಡಿದ್ದಾರೆ, ಮಡಚಿದ ಜಾಗದಲ್ಲೆಲ್ಲಾ ಹರಿದಿದೆ. ಡಿಸೆಂಬರ್ ಕಾಗದದಲ್ಲಿ ಯುದ್ಧದ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ಯಾರು ಕೊಯ್ದ್ರು, ಗದ್ದೆಯಲ್ಲಿ ಕೋವಿ ಯಾರು ಹಾರಿಸಿದ್ರು, "ಪೊಲಿ ಪೊಲಿ ದೇವಾ" ಅಂತ ಕೂಗುವಾಗ ಮಗು ಹೆದರ್ಕೊಂಡ್ಳಾ, ಕಾಫಿ ಹಣ್ಣಾಯ್ತಾ, ಆಳು ಸಿಕ್ಕಿದ್ರಾ, ಬರೀ ಇದೇ ಪ್ರಶ್ನೆ. ಕೆಳಗೆ "ಇಲ್ಲಿ ಚಳಿ, ನೀನು ಹೆಣೆದ ಸ್ವೆಟರ್ ಹಾಕ್ಕೊಂಡೇ ಮಲಗ್ತೀನಿ" ಅಂತ ಒಂದು ಸಾಲು.

ನನಗನ್ಸೋದು, ಜಾಗದ ಹೆಸರು ಬರೆಯಕ್ಕಾಗದೇ ಇದ್ದಿದ್ದರಿಂದಲೇ ಆ ಕಾಗದಗಳ ತುಂಬಾ ಮನೆ ತುಂಬ್ಕೊಂಡಿದೆ. ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗೀತು, ಆದ್ರೆ ಮುಂದಿನ ಕಾಗದ ಬರೋವರೆಗೂ ಅಜ್ಜಿಗೆ ಅದು ಮುಗಿದಿರಲಿಲ್ಲ, ದಿನಾ ಮಧ್ಯಾಹ್ನ ಗೇಟ್ ಹತ್ರ ಪೋಸ್ಟ್‌ಮ್ಯಾನ್‌ಗೆ ಕಾಯ್ತಾ ನಿಂತಿರ್ತಿದ್ರಂತೆ.