ಬರಹಗಾರರಿಗೆ ಸಲಹೆ: ರಿಚರ್ಡ್ ಇವಾನ್ಸ್ ಕುರಿತ ನಿಮ್ಮ ಲೇಖನದ ಬಗ್ಗೆ

ಪ್ರಿಯ ಲೇಖಕರೇ,

ಜರ್ಮನಿಯ ಆಧುನಿಕ ಇತಿಹಾಸ ಬರೆದ ಬ್ರಿಟಿಷ್ ಇತಿಹಾಸಕಾರ ರಿಚರ್ಡ್ ಜೆ. ಇವಾನ್ಸ್ ಅವರ ವೃತ್ತಿಜೀವನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಜರ್ಮನಿ ಎಂದರೆ ಹಿಟ್ಲರ್ ಎಂದಷ್ಟೇ ಬರೆಯುವ ನಮ್ಮ ರೂಢಿಯಲ್ಲಿ, ಆ ದೇಶದ ಚರಿತ್ರೆಯನ್ನು ಕಡತದಿಂದ ಕಡತಕ್ಕೆ ಹುಡುಕಿ ಬರೆದ ಒಬ್ಬರನ್ನು ನೀವು ಆರಿಸಿಕೊಂಡಿದ್ದೀರಿ. ಆ ಆಯ್ಕೆ ನನಗೆ ಹಿಡಿಸಿತು. ಅದಕ್ಕೇ ಎರಡು ಸಾಲಿನ ತಿರಸ್ಕಾರದ ಬದಲು ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಲೇಖನದ ಮೊದಲರ್ಧ ಸನ್ಮಾನ ಪತ್ರದ ಹಾಗಿದೆ. 1947ರಲ್ಲಿ ಜನನ, ಆಕ್ಸ್‌ಫರ್ಡ್‌ನಲ್ಲಿ ಓದು, ಸ್ಟರ್ಲಿಂಗ್, ಈಸ್ಟ್ ಆಂಗ್ಲಿಯಾ, ಲಂಡನ್ನಿನ ಬರ್ಕ್‌ಬೆಕ್, ಆಮೇಲೆ ಕೇಂಬ್ರಿಡ್ಜ್, 2008ರಲ್ಲಿ ರೀಜಿಯಸ್ ಪ್ರೊಫೆಸರ್ (ರಾಜಮನೆತನದ ಹೆಸರಿನ ಗೌರವದ ಪೀಠ), 2012ರಲ್ಲಿ ಸರ್ ಪದವಿ. ಎಲ್ಲವೂ ನಿಜ. ಆದರೆ ಇಷ್ಟೆಲ್ಲ ಓದಿದ ಮೇಲೂ ಈ ಮನುಷ್ಯ ಏನು ಕೆಲಸ ಮಾಡಿದರು, ಯಾವ ಪ್ರಶ್ನೆ ಹಿಡಿದು ಹೊರಟರು ಎಂಬುದು ಗೊತ್ತಾಗುವುದಿಲ್ಲ. ಇತಿಹಾಸಕಾರರ ವೃತ್ತಿಜೀವನ ಇರುವುದು ಅವರು ಒಂದು ಕಾಗದವನ್ನು ಹೇಗೆ ಓದಿದರು ಎಂಬುದರಲ್ಲಿ. ಕುರ್ಚಿಗಳ ವಿಷಯ ಮೂರು ಸಾಲಿಗೆ ಸಾಕು.

ಆರಂಭವನ್ನೂ ಬದಲಿಸಬೇಕು. ಹಿಟ್ಲರ್ ಸತ್ತ 1945ರ ಬರ್ಲಿನ್ ಬಂಕರಿನಿಂದ ಶುರುಮಾಡಿದ್ದೀರಿ. ಓದುಗರನ್ನು ಸೆಳೆಯಲು ಹಾಗೆ ಮಾಡಿದ್ದೀರಿ ಅಂತ ಗೊತ್ತು. ಆದರೆ ಇವಾನ್ಸ್ ಅಲ್ಲಿಂದ ಶುರುಮಾಡಿದವರಲ್ಲ. 1976ರಲ್ಲಿ ಬಂದ ಅವರ ಮೊದಲ ಪುಸ್ತಕ 1894ರಿಂದ 1933ರವರೆಗಿನ ಜರ್ಮನಿಯ ಮಹಿಳಾ ಚಳವಳಿಯ ಮೇಲಿನದು. ಮತದಾನದ ಹಕ್ಕಿಗಾಗಿ ದನಿ ಎತ್ತಿದ ಉದಾರವಾದಿ ಚಳವಳಿಯೊಂದು ಬರಬರುತ್ತಾ ರಾಷ್ಟ್ರೀಯತೆಯ ಕಡೆ ವಾಲಿದ್ದು ಹೇಗೆ ಎಂದು ಅವರು ಕೇಳಿದರು. ನಾಜಿಗಳ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಿಂದ ಹುಡುಕಲು ಶುರುಮಾಡಿದವರು ನಾಜಿಗಳವರೆಗೆ ಬಂದು ಮುಟ್ಟಿದರು. ಈ ದಾರಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಆ ಕಾಲದ ಬೌದ್ಧಿಕ ಜಗಳವೂ ಬರಬೇಕು. 1961ರಲ್ಲಿ ಹ್ಯಾಂಬರ್ಗ್‌ನ ಪ್ರೊಫೆಸರ್ ಫ್ರಿಟ್ಜ್ ಫಿಷರ್, ಮೊದಲ ಮಹಾಯುದ್ಧದಲ್ಲೂ ಜರ್ಮನಿಯ ಆಳುವ ವರ್ಗಕ್ಕೆ ನೆಲ ಕಬಳಿಸುವ ಗುರಿ ಇತ್ತು ಎಂದು ಸರ್ಕಾರಿ ಕಡತಗಳನ್ನೇ ಮುಂದಿಟ್ಟು ಬರೆದರು. ಪಶ್ಚಿಮ ಜರ್ಮನಿಯಲ್ಲಿ ದೊಡ್ಡ ಗದ್ದಲವಾಯಿತು. ಹಿಟ್ಲರ್ ಒಂದು ಆಕಸ್ಮಿಕ ಎಂಬ ಸಮಾಧಾನಕ್ಕೆ ಅದು ಪೆಟ್ಟು ಕೊಟ್ಟಿತ್ತು. ಆಮೇಲೆ ಬೀಲೆಫೆಲ್ಡ್‌ನ ಇತಿಹಾಸಕಾರ ಹಾನ್ಸ್-ಉಲ್ರಿಚ್ ವೇಲರ್ ಮತ್ತವರ ಬಳಗ, ಜರ್ಮನಿ ಹಿಂದಿನಿಂದಲೂ ಯುರೋಪಿನ ಉಳಿದ ದೇಶಗಳಿಗಿಂತ ಬೇರೆ ದಾರಿಯಲ್ಲೇ ನಡೆದಿತ್ತು, ಮೇಲಿನವರು ಕೆಳಗಿನವರನ್ನು ಸೂತ್ರ ಹಿಡಿದು ಕುಣಿಸಿದರು ಎಂದು ವಾದಿಸಿತು. ಇವಾನ್ಸ್ ಮತ್ತು ಅವರ ವಾರಗೆಯ ಕೆಲವು ಬ್ರಿಟಿಷ್ ಇತಿಹಾಸಕಾರರು ಇದನ್ನು ಒಪ್ಪಲಿಲ್ಲ. ಕೆಳಗಿನವರಿಗೂ ಸ್ವಂತ ಬುದ್ಧಿ, ಸ್ವಂತ ಸಂಘಟನೆ ಇರಲಿಲ್ಲವೇ ಎಂದು ಕೇಳಿದರು. 1978ರಲ್ಲಿ ಇವಾನ್ಸ್ ಸಂಪಾದಿಸಿದ ಪ್ರಬಂಧ ಸಂಕಲನ ಬಂದದ್ದು ಈ ತಕರಾರಿನಿಂದ.

ಈ ತಕರಾರಿಗೆ ಒಂದು ಸೊಗಸಾದ ಸಾಕ್ಷಿ ಇದೆ, ಅದನ್ನು ಬಿಡಬೇಡಿ. 1892ರಿಂದ 1914ರವರೆಗೆ ಹ್ಯಾಂಬರ್ಗ್‌ನ ರಾಜಕೀಯ ಪೊಲೀಸರು ಮಫ್ತಿಯಲ್ಲಿ ಕಾರ್ಮಿಕರ ಪಬ್ಬುಗಳಿಗೆ ಹೋಗಿ ಕೂರುತ್ತಿದ್ದರು. ಪಕ್ಕದ ಮೇಜಿನವರು ಕೂಲಿ, ಮುಷ್ಕರ, ಕೈಸರ್ (ಜರ್ಮನಿಯ ಚಕ್ರವರ್ತಿ), ಮನೆ ಬಾಡಿಗೆ ಬಗ್ಗೆ ಆಡಿದ ಮಾತನ್ನು ವರದಿ ಬರೆದು ಒಪ್ಪಿಸುತ್ತಿದ್ದರು. ಅಂಥ ಸಾವಿರಾರು ವರದಿಗಳು ಉಳಿದಿವೆ. ಇವಾನ್ಸ್ ಅವುಗಳಿಂದ ಆಯ್ದು 1989ರಲ್ಲಿ ಜರ್ಮನ್ ಭಾಷೆಯಲ್ಲೇ ಪುಸ್ತಕ ಮಾಡಿದರು. ಪಹರೆಗೆಂದು ಬರೆದಿಟ್ಟ ಕಾಗದದಿಂದಲೇ, ಬೇರೆಲ್ಲೂ ದಾಖಲಾಗದ ಜನರ ಮಾತು ನಮಗೆ ಕೇಳಿಸುತ್ತದೆ.

ಅವರ ದೊಡ್ಡ ಕೃತಿ ‘ಡೆತ್ ಇನ್ ಹ್ಯಾಂಬರ್ಗ್’ಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ: “ಕಾಲರಾ ಕುರಿತ ಈ ಕೃತಿ ವುಲ್ಫ್‌ಸನ್ ಪ್ರಶಸ್ತಿ ಪಡೆಯಿತು.” ನಿಮ್ಮ ಲೇಖನದ ಜೀವ ಇರಬೇಕಾದ್ದು ಇಲ್ಲೇ. 1892ರ ಬೇಸಿಗೆಯ ಕೊನೆಯಲ್ಲಿ ಹ್ಯಾಂಬರ್ಗ್‌ನಲ್ಲಿ ಕಾಲರಾ ಹಬ್ಬಿ ಕೆಲವೇ ವಾರಗಳಲ್ಲಿ 8,600ಕ್ಕೂ ಹೆಚ್ಚು ಜನ ಸತ್ತರು. ಜರ್ಮನಿಯ ಬೇರೆ ನಗರಗಳಿಗೆ ಹೆಚ್ಚು ಏಟು ಬೀಳಲಿಲ್ಲ. ಹ್ಯಾಂಬರ್ಗ್‌ಗೆ ಮಾತ್ರ ಏಕೆ? ಆ ನಗರ ಎಲ್ಬೆ ನದಿಯ ನೀರನ್ನು ಶೋಧಿಸದೆ ನಲ್ಲಿಗೆ ಬಿಡುತ್ತಿತ್ತು. ಜರ್ಮನಿಯದೇ ಇನ್ನೊಂದು ರಾಜ್ಯವಾದ ಪ್ರಷ್ಯಾಕ್ಕೆ ಸೇರಿದ್ದ ಪಕ್ಕದ ಊರು ಆಲ್ಟೊನಾ ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಎರಡೂ ಊರು ಕೂಡುವ ಬೀದಿಯಲ್ಲಿ ಹ್ಯಾಂಬರ್ಗ್ ನೀರು ಕುಡಿದ ಬದಿಯವರಿಗೆ ರೋಗ ತಗುಲಿತು, ಆಲ್ಟೊನಾ ನೀರು ಕುಡಿದ ಬದಿಯವರು ಉಳಿದುಕೊಂಡರು. ಈ ಒಂದು ಬೀದಿಯನ್ನು ಓದುಗರಿಗೆ ತೋರಿಸಿದರೆ ಸಾಕು, ನಿಮ್ಮ ಲೇಖನ ನಿಲ್ಲುತ್ತದೆ.

ಹ್ಯಾಂಬರ್ಗ್ ಅನ್ನು ಆಳುತ್ತಿದ್ದವರು ವರ್ತಕರು. ಶೋಧನಾ ಘಟಕಕ್ಕೆ ಯಾರು ದುಡ್ಡು ಹಾಕಬೇಕು ಎಂಬ ವಾದ ವರ್ಷಗಟ್ಟಲೆ ನಡೆದಿತ್ತು. ರೋಗ ಬಂದಿದೆ ಎಂದು ಒಪ್ಪಿಕೊಂಡರೆ ಬಂದರಿನ ವ್ಯಾಪಾರ ನಿಲ್ಲುತ್ತದೆ ಎಂದು ಪ್ರಕಟಣೆಯೂ ತಡವಾಯಿತು. ರೋಗ ಹರಡುವುದು ಮಣ್ಣು ಮತ್ತು ಗಾಳಿಯ ಕೆಡುಕಿನಿಂದ ಎಂಬ ಮ್ಯೂನಿಕ್‌ನ ವೈದ್ಯವಿಜ್ಞಾನಿ ಮ್ಯಾಕ್ಸ್ ಪೆಟೆನ್‌ಕೋಫರ್ ಅವರ ಸಿದ್ಧಾಂತ ಈ ವರ್ತಕರಿಗೆ ಅನುಕೂಲವಾಗಿತ್ತು, ರೋಗ ತಡೆಯಲು ಹಡಗು, ಜನರನ್ನು ತಡೆದಿಡುವ ದಿಗ್ಬಂಧನ ಬೇಡ ಎನ್ನುತ್ತಿತ್ತು. ಬರ್ಲಿನ್ನಿನಿಂದ ಬಂದ ರಾಬರ್ಟ್ ಕೋಖ್, ಎಂಟು ವರ್ಷ ಹಿಂದೆ ಕಲ್ಕತ್ತೆಯ ಕೆರೆ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಗುರುತಿಸಿದವರು, ಹ್ಯಾಂಬರ್ಗ್‌ನ ಬಡವರ ಓಣಿಗಳನ್ನು ನೋಡಿ “ಮಹನೀಯರೇ, ನಾನು ಯುರೋಪಿನಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿದೆ” ಅಂದರು. ಆ ಮಾತಿನಲ್ಲಿ ವಸಾಹತುಶಾಹಿಯ ದರ್ಪವೂ ಇದೆ. ಭಾರತದ ಓದುಗರಿಗಾಗಿ ಬರೆಯುವ ನೀವು ಅದನ್ನು ಹಾಗೇ ದಾಟಿಸದೆ ಎರಡು ಮಾತು ಹೇಳಬೇಕು. ವೈದ್ಯಕೀಯ ಸಿದ್ಧಾಂತ, ತೆರಿಗೆ, ಬಾಡಿಗೆ ಮನೆ, ಮತದಾನದ ಹಕ್ಕು, ಇವೆಲ್ಲ ಒಂದೇ ಲೋಟ ನೀರಿನಲ್ಲಿ ಬಂದು ಸೇರಿದ್ದು ಹೇಗೆ ಎಂದು ಇವಾನ್ಸ್ ತೋರಿಸಿದರು. ಅವರನ್ನು ದೊಡ್ಡ ಇತಿಹಾಸಕಾರರೆಂದು ನಾನು ಮನಸಾರೆ ನಂಬುವುದು ಈ ಪುಸ್ತಕದಿಂದ.

ಈಗ ನನ್ನ ಗಂಭೀರ ಆಕ್ಷೇಪ. ಹಿಟ್ಲರ್ ಮತ್ತು ಯುದ್ಧದ ಬಗ್ಗೆ ಪುಸ್ತಕ ಬರೆದ ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್ ಮೊಕದ್ದಮೆಯನ್ನು ನೀವು “ಎರಡು ದೃಷ್ಟಿಕೋನಗಳ ನಡುವಿನ ಸಂಘರ್ಷ” ಎಂದು ಕರೆದಿದ್ದೀರಿ. ಈ ವಾಕ್ಯ ನಮ್ಮಲ್ಲಿ ಅಚ್ಚಾಗುವುದಿಲ್ಲ. ಅಮೆರಿಕದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ತನ್ನನ್ನು ಯಹೂದಿ ಹತ್ಯಾಕಾಂಡ ನಿರಾಕರಿಸುವವನೆಂದು ಕರೆದರು ಎಂದು ಇರ್ವಿಂಗ್, ಲಿಪ್‌ಸ್ಟಾಟ್ ಮೇಲೂ ಅವರ ಪ್ರಕಾಶಕರ ಮೇಲೂ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. ಬರೆದದ್ದು ನಿಜ ಎಂದು ಸಾಬೀತು ಮಾಡುವ ಹೊಣೆ ಇಂಗ್ಲೆಂಡಿನ ಕಾನೂನಿನಲ್ಲಿ ಪ್ರತಿವಾದಿಯದು. ಹಾಗಾಗಿ ಇವಾನ್ಸ್ ತಜ್ಞ ಸಾಕ್ಷಿಯಾದರು. ಇಬ್ಬರು ಸಂಶೋಧನಾ ಸಹಾಯಕರ ಜೊತೆ ಇರ್ವಿಂಗ್‌ನ ಅಡಿಟಿಪ್ಪಣಿಗಳ ಬೆನ್ನುಹತ್ತಿ ಮೂಲ ದಾಖಲೆಗಳವರೆಗೆ ಹೋದರು, 700 ಪುಟ ಮೀರಿದ ವರದಿ ಕೊಟ್ಟರು.

ಒಂದು ಉದಾಹರಣೆ. 1941ರ ನವೆಂಬರ್ 30ರ ಫೋನ್ ಟಿಪ್ಪಣಿಯಲ್ಲಿ ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ “ಬರ್ಲಿನ್ನಿನಿಂದ ಯಹೂದಿಗಳ ಸಾಗಣೆ. ಕೊಲ್ಲಬಾರದು” ಎಂದು ಬರೆದುಕೊಂಡಿದ್ದ. ಅದು ಒಂದೇ ಒಂದು ರೈಲಿನ ಮಾತು. ಅಷ್ಟರಲ್ಲಿ ಆ ರೈಲಿನ ಸುಮಾರು ಸಾವಿರ ಜನರನ್ನು ಲ್ಯಾಟ್ವಿಯಾದ ರೀಗಾದ ಹತ್ತಿರ ಗುಂಡಿಟ್ಟು ಕೊಂದಾಗಿತ್ತು. ಇರ್ವಿಂಗ್ ಇದನ್ನೇ ಹಿಡಿದು, ಯಹೂದಿಗಳನ್ನು ಕೊಲ್ಲಬಾರದೆಂದು ಹಿಟ್ಲರ್ ಸಾರ್ವತ್ರಿಕ ಆದೇಶ ಕೊಟ್ಟಿದ್ದ ಎಂದು ಬರೆದ. ಮರುದಿನದ ಟಿಪ್ಪಣಿಯಲ್ಲಿ ಎಸ್‌ಎಸ್ ಪಡೆಯ ಆಡಳಿತಾಧಿಕಾರಿಗಳು “ಹಾಬೆನ್ ತ್ಸು ಬ್ಲೈಬೆನ್”, ಅಂದರೆ ಇದ್ದಲ್ಲೇ ಇರತಕ್ಕದ್ದು, ಎಂದಿತ್ತು. ಆ ಕೈಬರಹದ “ಹಾಬೆನ್” ಅನ್ನು ಅವನು “ಯೂಡೆನ್” ಎಂದು ಓದಿ, ಯಹೂದಿಗಳು ಇದ್ದಲ್ಲೇ ಇರಬೇಕು ಎಂದು ಅರ್ಥ ಕಟ್ಟಿದ. ಜರ್ಮನಿಯ ಡ್ರೆಸ್ಡೆನ್ ನಗರದ ಮೇಲಿನ ಬಾಂಬ್ ದಾಳಿಯ ವಿಷಯದಲ್ಲೂ ಹೀಗೇ. ಪೊಲೀಸ್ ವರದಿಯಲ್ಲಿ 20,204 ಎಂದಿದ್ದ ಸಾವಿನ ಸಂಖ್ಯೆಗೆ ಯುದ್ಧಕಾಲದಲ್ಲೇ ಯಾರೋ ಒಂದು ಸೊನ್ನೆ ಸೇರಿಸಿ 2,02,040 ಮಾಡಿದ್ದರು. ಇರ್ವಿಂಗ್ ಆ ನಕಲಿ ಪ್ರತಿಯನ್ನು ನಂಬಿಸಿ ಹರಡಿದ.

ತಪ್ಪು ಯಾರಿಂದಲೂ ಆಗುತ್ತದೆ. ಆದರೆ ಕೈತಪ್ಪಿನಿಂದ ಆದ ದೋಷಗಳು ಒಂದೊಂದು ದಿಕ್ಕಿಗೆ ಹೋಗುತ್ತವೆ. ಇರ್ವಿಂಗ್‌ನ ತಪ್ಪುಗಳೆಲ್ಲ ಹಿಟ್ಲರನನ್ನು ಪಾರುಮಾಡುವ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಇವಾನ್ಸ್ ನ್ಯಾಯಾಲಯಕ್ಕೆ ಮನಗಾಣಿಸಿದ್ದು ಇದನ್ನೇ. 2000ದ ಏಪ್ರಿಲ್ 11ರಂದು ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ, ಇರ್ವಿಂಗ್ ಉದ್ದೇಶಪೂರ್ವಕವಾಗಿ ಸಾಕ್ಷ್ಯ ತಿರುಚಿದ್ದಾನೆ ಎಂದು ತೀರ್ಪು ಕೊಟ್ಟರು. “ನ್ಯಾಯಾಲಯ ಇತಿಹಾಸವನ್ನು ತೀರ್ಮಾನಿಸಿತು” ಎಂಬ ನಿಮ್ಮ ಸಾಲೂ ಸರಿಯಲ್ಲ. ಒಬ್ಬ ಬರಹಗಾರ ದಾಖಲೆಗಳ ಜೊತೆ ಪ್ರಾಮಾಣಿಕವಾಗಿ ನಡೆದುಕೊಂಡನೇ ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ. ಮೂರು ವರ್ಷ ಮೊದಲು, 1997ರಲ್ಲಿ, ‘ಇನ್ ಡಿಫೆನ್ಸ್ ಆಫ್ ಹಿಸ್ಟರಿ’ಯಲ್ಲಿ ಇವಾನ್ಸ್ ಗತಕಾಲದ ಬಗ್ಗೆ ನಿಜ ಹೇಳಲು ಸಾಧ್ಯ ಎಂದು, ಅದನ್ನು ಅನುಮಾನಿಸುವ ಆಧುನಿಕೋತ್ತರವಾದಿಗಳ ಎದುರು ವಾದಿಸಿದ್ದರು. ಪುಸ್ತಕದ ಆ ವಾದವನ್ನು ಸಾಕ್ಷಿಕಟ್ಟೆಯಲ್ಲಿ, ಸ್ವತಃ ಇರ್ವಿಂಗ್‌ನ ಪಾಟೀಸವಾಲಿಗೆ ಎದುರಾಗಿ, ದಿನಗಟ್ಟಲೆ ಸಾಬೀತು ಮಾಡಬೇಕಾಗಿ ಬಂತು. ಈ ನಂಟು ನಿಮ್ಮ ಕಣ್ಣಿಗೆ ಬೀಳದೇ ಹೋದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ನಾಜಿ ಜರ್ಮನಿಯ ಮೇಲಿನ ಮೂರು ಸಂಪುಟಗಳು (2003, 2005, 2008) ಅತಿ ಹೆಚ್ಚು ಓದುಗರನ್ನು ತಲುಪಿದವು. ಅವುಗಳಿಗೆ ನೀವು ಕೊಟ್ಟ ಜಾಗ ಸಾಕು. “ಅಪ್ರತಿಮ”, “ಮೇರು”, “ದೈತ್ಯ ಪ್ರತಿಭೆ” ಎಂಬ ವಿಶೇಷಣಗಳನ್ನೆಲ್ಲ ಅಳಿಸಿ. ಅವರನ್ನು ಒಪ್ಪದವರ ಮಾತಿಗೂ ಜಾಗ ಬೇಕು, ವೇಲರ್ ಬಳಗದ ಉತ್ತರವನ್ನಾದರೂ ಸೇರಿಸಿ. ಜರ್ಮನ್ ಹೆಸರುಗಳಿಗೆ ಒಂದೇ ಕಾಗುಣಿತ ಇಟ್ಟುಕೊಳ್ಳಿ. ಹಿಮ್ಲರ್ ನಿಮ್ಮಲ್ಲಿ ಮೂರು ರೀತಿ ಬಂದಿದ್ದಾನೆ.

ಆಲ್ಟೊನಾದ ಗಡಿಯ ಬೀದಿಯಿಂದ ಶುರುಮಾಡಿ, ಅಲ್ಲಿಂದ ಸಾಕ್ಷಿಕಟ್ಟೆಗೆ ಬನ್ನಿ. ಈಗಿನ ಅರ್ಧದಷ್ಟು ಉದ್ದ ಸಾಕು. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ಬೇರೆಯವರಿಗೆ ಕೊಡದೆ ನಾನೇ ಓದಿ ಉತ್ತರ ಬರೆಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ