ಮಡಿವಾಳ ಹಕ್ಕಿ ಉಸಿರು ಎಳೆಯುವುದು ಯಾವಾಗ?

ಬೇಸಿಗೆ ಶುರುವಾದರೆ ಹಕ್ಕಿಗಳ ಜೊತೆ ಓದುಗರ ಪ್ರಶ್ನೆಗಳೂ ಶುರು. ಪ್ರತಿ ವರ್ಷ ಅದೇ ರಾಗ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ.

ಪ್ರಶ್ನೆ: ನಮ್ಮನೆ ಎದುರಿನ ಕರೆಂಟ್ ಕಂಬದ ಮೇಲೆ ಮಡಿವಾಳ ಹಕ್ಕಿ ಬೆಳಗಿನ ಜಾವ ಬಿಡದೆ ಹಾಡುತ್ತದೆ. ಅಷ್ಟು ಸಣ್ಣ ಗಂಟಲಲ್ಲಿ ಅಷ್ಟು ದನಿ ಹೇಗೆ? ಉಸಿರು ಎಳೆಯುವುದು ಯಾವಾಗ? ಒಳಗೆ ಪೀಪಿ ಇದೆ ಅಂತಾರೆ, ನಿಜವಾ? (ವಿದ್ಯಾನಗರ, ದಾವಣಗೆರೆ)

ಮೊದಲು ಈ ಗಂಟಲನ್ನು ಬಿಡಿ. ಹಕ್ಕಿಯ ದನಿ ಹುಟ್ಟುವುದು ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ. ಅಲ್ಲಿರುವ ಅಂಗಕ್ಕೆ ಸಿರಿಂಕ್ಸ್ ಅಂತ ಹೆಸರು. ಸಣ್ಣ ಹಕ್ಕಿಗಳಲ್ಲಿ ಅದು ಕೆಲವೇ ಮಿಲಿಮೀಟರ್.

ಮಂಡಿಪೇಟೆಯಿಂದ ಒಂದು ಬಲೂನು ತನ್ನಿ. ಊದಿ, ಬಾಯನ್ನು ಎರಡೂ ಕಡೆ ಬೆರಳಲ್ಲಿ ಹಿಡಿದು ಎಳೆಯಿರಿ. ಕೀಂಯ್ ಅನ್ನುತ್ತದೆ. ಇನ್ನೂ ಬಿಗಿ ಮಾಡಿದರೆ ದನಿ ಏರುತ್ತದೆ. ಗಾಳಿ ರಬ್ಬರನ್ನು ತೆರೆಯುತ್ತದೆ, ರಬ್ಬರು ಮತ್ತೆ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಎಷ್ಟು ಸಲ ಹೀಗಾಯಿತು ಅನ್ನುವುದೇ ಶ್ರುತಿ. ಹಕ್ಕಿಯೊಳಗೆ ರಬ್ಬರಿನ ಬದಲು ಮೆತ್ತನೆಯ ತುಟಿಗಳಂಥ ಮಡಿಕೆಗಳಿವೆ. ಬೆರಳಿನ ಕೆಲಸ ಮಾಡುವ ಸ್ನಾಯುಗಳು ಸೆಕೆಂಡಿಗೆ 200ಕ್ಕೂ ಜಾಸ್ತಿ ಸಲ ಸೆಟೆದು ಸಡಿಲವಾಗಬಲ್ಲವು. ಬಲೂನಿನ ಹೊಟ್ಟೆಯ ಕೆಲಸಕ್ಕೆ ಗಾಳಿಚೀಲಗಳಿವೆ, ಹೆಚ್ಚಿನ ಹಕ್ಕಿಗಳಲ್ಲಿ ಒಂಬತ್ತು.

ಈಗ ಎರಡು ಬಲೂನು ಅಂದುಕೊಳ್ಳಿ. ಹಾಡುಹಕ್ಕಿಗಳಲ್ಲಿ ಎಡ ಕವಲಿಗೊಂದು, ಬಲ ಕವಲಿಗೊಂದು ಜೊತೆ ಮಡಿಕೆ. ಎರಡನ್ನೂ ಬೇರೆ ಬೇರೆಯಾಗಿ ನುಡಿಸಬಹುದು, ಒಟ್ಟಿಗೂ ನುಡಿಸಬಹುದು. ಅಮೆರಿಕದ ಕಾರ್ಡಿನಲ್ ಹಕ್ಕಿ ಕೆಳಗಿನ ಸ್ವರವನ್ನು ಎಡದಲ್ಲಿ, ಮೇಲಿನದನ್ನು ಬಲದಲ್ಲಿ ಹಾಡುತ್ತದೆ. ಒಂದೇ ಎಳೆಯಲ್ಲಿ ಸ್ವರ ಜಾರಿಸುವಾಗ ಮಧ್ಯದಲ್ಲಿ ಕೈ ಬದಲಾಗಿದ್ದು ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ.

ಪೀಪಿ ಕಥೆ, ಅಂದರೆ ಒಳಗೆ ಸೀಟಿಯಂತೆ ಗಾಳಿಯೇ ಅದುರಿ ದನಿ ಬರುತ್ತದೆ ಅನ್ನುವುದು, ಹಳೆಯದು. 1987ರಲ್ಲಿ ಸ್ಟೀಫನ್ ನೊವಿಕಿ ಎಂಬ ವಿಜ್ಞಾನಿ ಹಕ್ಕಿಗಳನ್ನು ಹೀಲಿಯಂ ಬೆರೆತ ಗಾಳಿಯಲ್ಲಿ ಹಾಡಿಸಿದರು. ಅಲ್ಲಿ ಶಬ್ದ ಬಹಳ ಬೇಗ ಓಡುತ್ತದೆ. ಪೀಪಿಯಾಗಿದ್ದರೆ ಶ್ರುತಿ ಮೇಲೇರಬೇಕಿತ್ತು. ಏರಲಿಲ್ಲ. ಮೂಲ ಸ್ವರ ಇದ್ದಲ್ಲೇ ಇತ್ತು, ಅದರ ಮೇಲಿನ ಉಪಸ್ವರಗಳು ಮಾತ್ರ ಜೋರಾದವು. ಅಂದರೆ ಸ್ವರ ಹುಟ್ಟಿಸುವುದು ಮಡಿಕೆ. ನಾಳ, ಬಾಯಿ, ಕೊಕ್ಕು ಅದನ್ನು ಸೋಸಿ ಶುದ್ಧ ಮಾಡುತ್ತವೆ.

ಇನ್ನು ಉಸಿರು. ಹಾಡುವುದು ಬಹುಪಾಲು ಉಸಿರು ಬಿಡುವಾಗಲೇ. ಕ್ಯಾನರಿ ಹಕ್ಕಿಯಲ್ಲಿ ಅಳೆದು ನೋಡಿದ್ದಾರೆ: ಎರಡು ಸ್ವರಗಳ ನಡುವೆ ಒಂದು ಪುಟ್ಟ ಗುಟುಕು ಗಾಳಿ, ಸೆಕೆಂಡಿಗೆ ಸುಮಾರು 30ರ ತನಕ. ಅದಕ್ಕಿಂತ ಬೇಗ ಹಾಡಬೇಕಾದರೆ ಗುಟುಕು ನಿಲ್ಲಿಸಿ, ಇದ್ದ ಗಾಳಿಯನ್ನೇ ತುಂಡು ತುಂಡಾಗಿ ಬಿಡುತ್ತದೆ. ಆ ಓಟ ಜಾಸ್ತಿ ಹೊತ್ತು ನಡೆಯುವುದಿಲ್ಲ. ನಿಮ್ಮ ಕಂಬದ ಹಕ್ಕಿ ಸಿಕ್ಕಾಗ ದುರ್ಬೀನಿನಲ್ಲಿ ಎದೆಯನ್ನು ನೋಡಿ. ಎಲ್ಲರೂ ಕೊಕ್ಕನ್ನೇ ನೋಡುತ್ತಾರೆ.

ಪ್ರಶ್ನೆ: ಗಿಳಿ ಮಾತಾಡಲು ನಾಲಿಗೆಗೆ ಬಜೆ ತಿಕ್ಕಬೇಕು, ತುದಿ ಕತ್ತರಿಸಬೇಕು ಅಂತ ಒಬ್ಬರು ಹೇಳಿದರು. (ಹಿರಿಯೂರು)

ಅವರ ನಾಲಿಗೆಗೆ ಮೊದಲು ತಿಕ್ಕಿ. ಎದೆಯಲ್ಲಿ ಹುಟ್ಟಿದ ದನಿಗೆ ಗಿಳಿ ಮಾತಿನ ಆಕಾರ ಕೊಡುವುದು ನಾಲಿಗೆ ಆಡಿಸಿಯೇ. ಅದನ್ನೇ ಕತ್ತರಿಸುತ್ತೀರಾ? ಒಬ್ಬರು ನಾಲಿಗೆ ಹುಣ್ಣಾದ ಗಿಳಿಯನ್ನು ನನ್ನ ಹತ್ತಿರ ತಂದಿದ್ದರು. ಮಾತು ಹಾಗಿರಲಿ, ಕಾಳು ಒಡೆಯಲೂ ಅದಕ್ಕೆ ಆಗುತ್ತಿರಲಿಲ್ಲ. ಅಂದಹಾಗೆ, ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿ ಸಾಕುವುದೇ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮುಂದಿನ ಪತ್ರದಲ್ಲಿ ಪಂಜರದ ಅಳತೆ ಕೇಳಬೇಡಿ.

ಪ್ರಶ್ನೆ: ಹೆಣ್ಣು ಕೋಗಿಲೆಯ ದನಿ ಅಷ್ಟು ಇಂಪಾಗಿರಲು ಕಾರಣವೇನು? (ಹೊಳಲ್ಕೆರೆ)

ಕುಹೂ ಅನ್ನುವುದು ಕಪ್ಪಗಿರುವ ಗಂಡು. ಚುಕ್ಕೆ ಚುಕ್ಕೆ ಹೆಣ್ಣಿನದು ಕಿಕ್-ಕಿಕ್-ಕಿಕ್.

ಪ್ರಶ್ನೆ: ಕಾಗೆಯೂ ಹಾಡುಹಕ್ಕಿ ಅಂತೆ, ತಮಾಷೆನಾ?

ನಿಜ. ಕಾಗೆ ಹಾಡುಹಕ್ಕಿಗಳ ಗುಂಪಿಗೆ ಸೇರಿದೆ, ಕೋಗಿಲೆ ಸೇರಿಲ್ಲ. ಬೇಜಾರಾದರೆ ನಾನೇನು ಮಾಡಲಿ.

ಪ್ರಶ್ನೆ: ಜೋಗಿಮಟ್ಟಿ ಕಾಡಿಗೆ ಹೋದಾಗ ಫೋನಲ್ಲಿ ಹಾಡು ಹಾಕಿ ಹಕ್ಕಿ ಕರೆಸಬಹುದಾ? (ಚಿತ್ರದುರ್ಗ)

ಬೇಡ. ಅದು ನಿಮ್ಮ ಫೋನನ್ನು ಎದುರಾಳಿ ಅಂದುಕೊಂಡು ಜಗಳಕ್ಕೆ ಬರುತ್ತದೆ. ಅಷ್ಟು ಹೊತ್ತು ಗೂಡಿನ ಮರಿಗಳಿಗೆ ಹುಳ ತರುವವರು ಯಾರು?